ಚಂಡಮಾರುತ ದೂರ ಇದೆ ಅಂತ ಸುಮ್ಮನಿರಬೇಡಿ: ಮುಂಚೆ ಬರುವುದು ಮಳೆ, ಅದರ ಹಿಂದೆಯೇ ನೆರೆ

ಕುಂದಾಪುರ: "ಗಾಳಿಯೇ ಇಲ್ಲ ಮಾರಾಯ್ರೆ, ಸೈಕ್ಲೋನ್ ಎಲ್ಲಿ ಬಂತು?" ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದ ಸುದ್ದಿ ಬಂದಾಗಲೆಲ್ಲ ಪೇಟೆಯ ಅಂಗಡಿ ಕಟ್ಟೆಯಲ್ಲಿ ಕೇಳಿಬರುವ ಮಾತು ಇದು. ಟಿ.ವಿ.ಯಲ್ಲಿ ಸುತ್ತುವ ಮೋಡದ ಚಿತ್ರ ಗುಜರಾತಿನ ಕಡೆಗೋ ಒಮಾನ್ ಕಡೆಗೋ ಮುಖ ಮಾಡಿರುತ್ತದೆ. ನಮಗೇನೂ ಆಗಲ್ಲ ಅಂತ ರಾತ್ರಿ ಶಟರ್ ಎಳೆದು ಮನೆಗೆ ಹೋಗುತ್ತೇವೆ. ಬೆಳಿಗ್ಗೆ ಬಂದು ನೋಡಿದರೆ ಕೆಳಗಿನ ಎರಡು ಸಾಲು ಅಕ್ಕಿ ಮೂಟೆ ನೀರಿನಲ್ಲಿ.

ನಮ್ಮ ಕರಾವಳಿಯಲ್ಲಿ ಚಂಡಮಾರುತದ ನಷ್ಟ ಗಾಳಿಯಿಂದ ಮಾತ್ರ ಆಗುವುದಲ್ಲ. ಚಂಡಮಾರುತ ದಡ ಮುಟ್ಟುವ ಮೊದಲೇ, ಕೆಲವೊಮ್ಮೆ ನಮ್ಮ ದಡ ಮುಟ್ಟದೆಯೇ, ಅದು ಎಳೆದು ತರುವ ಮಳೆ ಕೆಲವೇ ಗಂಟೆಗಳಲ್ಲಿ ತೋಡು, ಹೊಳೆ ಉಕ್ಕಿಸುತ್ತದೆ. ಇದಕ್ಕೆ ಹಠಾತ್ ನೆರೆ ಅನ್ನುತ್ತಾರೆ. ಮಳೆ ಶುರುವಾಗಿ ಸಾಮಾನ್ಯವಾಗಿ ಆರು ಗಂಟೆಯೊಳಗೆ ಏರುವ ನೆರೆ ಇದು. ಇದು ಹೇಗೆ ಬರುತ್ತದೆ, ಎಚ್ಚರಿಕೆಯನ್ನು ಹೇಗೆ ಓದಬೇಕು, ಅಂಗಡಿಯವರು ಯಾವಾಗ ಏನು ಮಾಡಬೇಕು ಅನ್ನುವ ಮಾಹಿತಿ ಇಲ್ಲಿದೆ. ಮನೆಯವರಿಗೂ ಓದಿ ಹೇಳಿ.

ತೌಕ್ತೆ ಬಂದಾಗ ಏನಾಯ್ತು?

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಜಿಲ್ಲೆಯ ದಡ ಹತ್ತಲಿಲ್ಲ. ಲಕ್ಷದ್ವೀಪದ ಬಳಿ ಹುಟ್ಟಿ, ಕಡಲ ಮೇಲೆಯೇ ಉತ್ತರಕ್ಕೆ ಸಾಗಿ, ಮೇ 17ರ ರಾತ್ರಿ ಗುಜರಾತಿನ ಡಿಯು ಸಮೀಪ ದಡ ಮುಟ್ಟಿತು. ಕುಂದಾಪುರದಿಂದ ಆ ಜಾಗ 800 ಕಿ.ಮೀ.ಗೂ ಹೆಚ್ಚು ದೂರ.

ಆದರೆ ಅದಕ್ಕೂ ಒಂದೂವರೆ ದಿನ ಮೊದಲೇ, ಮೇ 16ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಉಡುಪಿ ಜಿಲ್ಲೆಯ ನಾಡ ಮಳೆ ಮಾಪನ ಕೇಂದ್ರದಲ್ಲಿ 385 ಮಿ.ಮೀ. ಮಳೆ ದಾಖಲಾಯಿತು. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ ಅನ್ನುವುದನ್ನು ನೆನಪಿಡಿ.

385 ಮಿ.ಮೀ. ಅಂದರೆ ಎಷ್ಟು ನೀರು? ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಐದು ಸೆಂಟ್ಸ್ ಜಾಗ ಇರುವ ಮನೆ ಅಥವಾ ಅಂಗಡಿ ಲೆಕ್ಕ ಹಾಕಿ. ಒಂದೇ ದಿನದಲ್ಲಿ ಅದರ ಮೇಲೆ ಸುಮಾರು 78,000 ಲೀಟರ್ ಬಿದ್ದಂತಾಯಿತು. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 13 ಟ್ಯಾಂಕರ್. ಇದು ನಿಮ್ಮ ಜಾಗದ್ದು ಮಾತ್ರ. ಮೇಲಿನ ಗುಡ್ಡದಿಂದ ಇಳಿದು ಬರುವ ನೀರಿನ ಲೆಕ್ಕ ಬೇರೆ.

2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿ ನಗರದವರಿಗೆ ಮರೆಯುವಂಥದ್ದಲ್ಲ. ಅವತ್ತು ನಮ್ಮ ಕಡಲಲ್ಲಿ ಚಂಡಮಾರುತವೇ ಇರಲಿಲ್ಲ. ರಾತ್ರಿಯಿಡೀ ಸುರಿದ ಮಳೆಗೆ ಬೆಳಗಾಗುವಷ್ಟರಲ್ಲಿ ಕಲ್ಸಂಕ, ಬೈಲಕೆರೆ, ಮಠದಬೆಟ್ಟು, ಬನ್ನಂಜೆ ಭಾಗದ ರಸ್ತೆಗಳು ಹೊಳೆಯಾಗಿದ್ದವು. ಮನೆಯಲ್ಲಿ ಸಿಕ್ಕಿಬಿದ್ದವರನ್ನು ದೋಣಿಯಲ್ಲಿ ಕರೆತರಬೇಕಾಯಿತು. ನೀರು ಬಂದದ್ದು ಜನ ಮಲಗಿದ್ದಾಗ.

ಮಳೆ ಮೊದಲೇ ಬರುವುದು ಯಾಕೆ?

ಸೈಕ್ಲೋನ್, ಹರಿಕೇನ್, ಟೈಫೂನ್ ಎಲ್ಲ ಒಂದೇ ಜಾತಿ. ಅಟ್ಲಾಂಟಿಕ್ ಕಡಲಿನಲ್ಲಿ ಎದ್ದರೆ ಹರಿಕೇನ್, ಪಶ್ಚಿಮ ಪೆಸಿಫಿಕ್‌ನಲ್ಲಿ ಟೈಫೂನ್, ನಮ್ಮಲ್ಲಿ ಸೈಕ್ಲೋನ್ ಅಥವಾ ಚಂಡಮಾರುತ. ಬೆಚ್ಚಗಿನ ಕಡಲ ನೀರು ಆವಿಯಾಗಿ ಮೇಲೇರಿ ಮೋಡವಾಗುವಾಗ ಬಿಡುವ ಶಾಖದಿಂದ ಅದಕ್ಕೆ ಬಲ ಬರುತ್ತದೆ.

ಟಿ.ವಿ. ನಕ್ಷೆಯಲ್ಲಿ ತೋರಿಸುವುದು ಚಂಡಮಾರುತದ ನಡುಭಾಗ, ಅದರ ಕಣ್ಣು. ಆದರೆ ಮೋಡದ ಪಟ್ಟಿಗಳು ಆ ನಡುಭಾಗದಿಂದ ನೂರಾರು ಕಿ.ಮೀ. ದೂರದವರೆಗೂ ಚಾಚಿರುತ್ತವೆ. ಅದು ಸುತ್ತುವಾಗ ಕಡಲಿನ ತೇವದ ಗಾಳಿಯನ್ನು ದಡದ ಕಡೆ ನೂಕುತ್ತದೆ. ನಮ್ಮಲ್ಲಿ ಆ ಗಾಳಿ ಬಂದು ಬಡಿಯುವುದು ಪಶ್ಚಿಮ ಘಟ್ಟಕ್ಕೆ. ಘಟ್ಟ ಹತ್ತಲು ಮೇಲೇರಿದ ಗಾಳಿ ತಂಪಾಗಿ ಅಲ್ಲೇ ಮಳೆ ಸುರಿಸುತ್ತದೆ. ಹಾಗಾಗಿ ಕಡಲಲ್ಲಿರುವ ಚಂಡಮಾರುತದ ಮಳೆ ಕೊಲ್ಲೂರಿನ ಕಾಡಿನಲ್ಲಿ, ಸಿದ್ದಾಪುರದ ಮೇಲಿನ ಗುಡ್ಡದಲ್ಲಿ ಬೀಳುತ್ತದೆ. ಅಲ್ಲಿಂದ ಹೊಳೆಯ ದಾರಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತದೆ.

ಚೆನ್ನೈ ಮತ್ತು ಅಮೆರಿಕದ ಆಶ್‌ವಿಲ್

2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತ ದಡ ಮುಟ್ಟಿದ್ದು ಡಿಸೆಂಬರ್ 5ರಂದು, ಆಂಧ್ರದ ಬಾಪಟ್ಲ ಹತ್ತಿರ. ಆದರೆ ಚೆನ್ನೈ ಮುಳುಗಿದ್ದು ಅದಕ್ಕೆ ಒಂದು ದಿನ ಮೊದಲು, ಡಿಸೆಂಬರ್ 4ಕ್ಕೆ. ಬಾಪಟ್ಲದಿಂದ ಚೆನ್ನೈ ಸುಮಾರು 300 ಕಿ.ಮೀ. ದೂರ. ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು ನಿಂತು ವಿಮಾನ ಓಡಾಟವೇ ನಿಂತಿತ್ತು.

ಇನ್ನೊಂದು ಅಮೆರಿಕದ್ದು. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಹರಿಕೇನ್ ಫ್ಲಾರಿಡಾ ದಡ ಮುಟ್ಟಿತು. ಅಲ್ಲಿಂದ ಸುಮಾರು 600 ಕಿ.ಮೀ. ಉತ್ತರಕ್ಕೆ, ಕಡಲಿನಿಂದ ಬಹಳ ಒಳಗೆ, ಬೆಟ್ಟಗಳ ನಡುವೆ ಆಶ್‌ವಿಲ್ ಎಂಬ ಊರಿದೆ. ಹರಿಕೇನ್ ಇನ್ನೂ ಕಡಲಲ್ಲಿದ್ದಾಗಲೇ, ಸೆಪ್ಟೆಂಬರ್ 25ರಿಂದಲೇ, ಅದರ ತೇವ ಆ ಬೆಟ್ಟಗಳಿಗೆ ಬಡಿದು ಜೋರು ಮಳೆ ಶುರುವಾಗಿತ್ತು. ಮಣ್ಣು ನೀರು ಕುಡಿದು ತುಂಬಿತ್ತು, ಹಳ್ಳಗಳು ಅಂಚಿಗೆ ಬಂದಿದ್ದವು. 27ರ ಬೆಳಿಗ್ಗೆ ಹರಿಕೇನ್‌ನ ಮುಖ್ಯ ಮಳೆ ಬಂದಾಗ ಅದಕ್ಕೆ ಹೋಗಲು ಜಾಗವೇ ಇರಲಿಲ್ಲ. ಊರಿನ ಫ್ರೆಂಚ್ ಬ್ರಾಡ್ ನದಿ 24 ಅಡಿ ದಾಟಿ 1916ರ ದಾಖಲೆಯನ್ನು ಮುರಿಯಿತು. ಆ ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ನೀರು ಸರಬರಾಜಿನ ಪೈಪುಗಳು ಕೊಚ್ಚಿಹೋಗಿ, ನವೆಂಬರ್ 18ರ ತನಕ ಊರಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಹೋಟೆಲು, ಅಂಗಡಿ ನಡೆಸುವವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ.

ಬೆಟ್ಟದ ಬುಡದಲ್ಲಿರುವ ನಮಗೆ ಇದರಲ್ಲಿ ಒಂದು ಪಾಠ ಇದೆ. ಮೊದಲ ಮಳೆ ನೆಲ ತುಂಬುತ್ತದೆ, ಎರಡನೇ ಮಳೆ ಊರು ತುಂಬುತ್ತದೆ. ಮೊದಲ ದಿನ ಏನೂ ಆಗಲಿಲ್ಲ ಅಂದರೆ ಅಪಾಯ ಕಳೆಯಿತು ಅಂತಲ್ಲ.

ನಮ್ಮಲ್ಲಿ ನೀರು ಇಷ್ಟು ಬೇಗ ಏರಲು ಕಾರಣ

ಹೊಳೆಗಳು ಗಿಡ್ಡ, ಇಳಿಜಾರು ಜಾಸ್ತಿ: ಕೊಡಚಾದ್ರಿಯ ಎತ್ತರ 1,343 ಮೀಟರ್. ಅಲ್ಲಿಂದ ಮರವಂತೆ ಕಡಲು ನೇರ ಲೆಕ್ಕದಲ್ಲಿ ಸುಮಾರು 30 ಕಿ.ಮೀ. ಮಾತ್ರ. ಬಯಲುಸೀಮೆಯ ದೊಡ್ಡ ನದಿಗಳ ನೆರೆ ದಿನಗಟ್ಟಲೆ ಮೊದಲೇ ಗೊತ್ತಾಗುತ್ತದೆ. ನಮ್ಮ ಸೌಪರ್ಣಿಕೆ, ಚಕ್ರಾ, ಸೀತಾ, ಸ್ವರ್ಣೆಯಲ್ಲಿ ಸಿಗುವುದು ಗಂಟೆಗಳ ಲೆಕ್ಕದ ಸಮಯ. ಪೇಟೆಯಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಕಪ್ಪು ಮೋಡ ಕವಿದಿದ್ದರೆ ಹೊಳೆ ಬದಿಯವರು ಎಚ್ಚರ ಇರಬೇಕು.

ಅಳಿವೆಯಲ್ಲಿ ಉಬ್ಬರ: ಸೌಪರ್ಣಿಕೆ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಐದೂ ಕಡಲು ಸೇರುವುದು ಗಂಗೊಳ್ಳಿ ಅಳಿವೆಯಲ್ಲಿ. ಚಂಡಮಾರುತದ ಹೊತ್ತಿಗೆ ಕಡಲು ಉಕ್ಕಿರುತ್ತದೆ. ಅದಕ್ಕೆ ಉಬ್ಬರವೂ ಸೇರಿದರೆ ಹೊಳೆ ನೀರು ಹೊರಗೆ ಹೋಗಲಾರದೆ ಹಿಂದಕ್ಕೆ ತಳ್ಳಿಕೊಂಡು ಬೈಲು ಗದ್ದೆಗೆ, ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಉಬ್ಬರ ಹೆಚ್ಚು. ಇದನ್ನು ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೇಟೆಯವರು ಕ್ಯಾಲೆಂಡರ್ ನೋಡಿಕೊಳ್ಳಿ.

ಮೇ ತಿಂಗಳ ತೊಂದರೆ: ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ಹೆಚ್ಚಾಗಿ ಎರಡು ಅವಧಿಯಲ್ಲಿ: ಮೇ-ಜೂನ್ ಮತ್ತು ಅಕ್ಟೋಬರ್-ಡಿಸೆಂಬರ್. ಮೇಯಲ್ಲಿ ಬಂದರೆ ಕಿಂಡಿ ಅಣೆಕಟ್ಟುಗಳ ಹಲಗೆ ಇನ್ನೂ ತೆಗೆದಿರುವುದಿಲ್ಲ. ಚರಂಡಿಯ ಹೂಳು ಎತ್ತಿರುವುದಿಲ್ಲ. ಬೇಸಿಗೆಯಿಡೀ ಬಿದ್ದ ತರಗೆಲೆ, ಪ್ಲಾಸ್ಟಿಕ್, ಬೊಂಡದ ಸಿಪ್ಪೆ ಎಲ್ಲ ಮೋರಿ ಬಾಯಿಗೆ ಬಂದು ಕಟ್ಟುತ್ತದೆ. ಹಲಗೆಗೆ ಮರದ ದಿಮ್ಮಿ ಸಿಕ್ಕಿದರೆ ಹೊಳೆಯೇ ದಿಕ್ಕು ಬದಲಿಸಿ ತೋಟಕ್ಕೆ ನುಗ್ಗುತ್ತದೆ.

ಅಕ್ಟೋಬರ್ ತಿಂಗಳ ತೊಂದರೆ: ಆಗ ಮೋರಿ ಸ್ವಚ್ಛ ಇರಬಹುದು. ಆದರೆ ನಾಲ್ಕು ತಿಂಗಳ ಮಳೆಗೆ ನೆಲ ನೀರು ಕುಡಿದು ತುಂಬಿರುತ್ತದೆ, ಬಿದ್ದ ಮಳೆಯೆಲ್ಲ ಮೇಲೆಯೇ ಹರಿಯುತ್ತದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ನಮ್ಮ ದಡ ಮುಟ್ಟದೆ ಪಶ್ಚಿಮಕ್ಕೆ ಹೋದರೂ ಕರಾವಳಿಗೆ ಭಾರಿ ಮಳೆ ಸುರಿಸಿತ್ತು.

ನಾವೇ ಮಾಡಿಕೊಂಡದ್ದು: ತೋಡಿಗೆ ಮಣ್ಣು ತುಂಬಿಸಿ ಸೈಟು ಮಾಡಿದ್ದು, ಗದ್ದೆ ಮುಚ್ಚಿ ಕಟ್ಟಡ ಕಟ್ಟಿದ್ದು, ಅಂಗಡಿ ಮುಂದಿನ ಚರಂಡಿಗೆ ಕಾಂಕ್ರೀಟು ಹಾಕಿ ಪಾರ್ಕಿಂಗ್ ಮಾಡಿದ್ದು. ನೀರು ಹಳೇ ದಾರಿ ಮರೆಯುವುದಿಲ್ಲ. ನಿಮ್ಮ ಕಟ್ಟಡದ ಜಾಗ ಮೊದಲು ಏನಾಗಿತ್ತು ಅಂತ ಊರಿನ ಹಿರಿಯರನ್ನು ಕೇಳಿ. ಗದ್ದೆಯೋ ತೋಡೋ ಆಗಿದ್ದರೆ ಮುಂದಿನ ಭಾಗವನ್ನು ಇನ್ನಷ್ಟು ಗಮನ ಕೊಟ್ಟು ಓದಿ.

ಎಚ್ಚರಿಕೆ ಓದುವುದು ಹೇಗೆ?

ಹವಾಮಾನ ಇಲಾಖೆ 24 ಗಂಟೆಯ ಮಳೆಯನ್ನು ಹೀಗೆ ವಿಂಗಡಿಸುತ್ತದೆ:

- 64.5 ರಿಂದ 115.5 ಮಿ.ಮೀ.: ಭಾರಿ ಮಳೆ
- 115.6 ರಿಂದ 204.4 ಮಿ.ಮೀ.: ಅತಿ ಭಾರಿ ಮಳೆ
- 204.5 ಮಿ.ಮೀ. ಮತ್ತು ಹೆಚ್ಚು: ಅತ್ಯಂತ ಭಾರಿ ಮಳೆ

ಬಣ್ಣಗಳ ಅರ್ಥ: ಹಳದಿ ಅಂದರೆ ಗಮನ ಇರಲಿ. ಕಿತ್ತಳೆ ಅಂದರೆ ತಯಾರಾಗಿ. ಕೆಂಪು ಅಂದರೆ ಈಗಲೇ ಕ್ರಮ ಕೈಗೊಳ್ಳಿ. "ರೆಡ್ ಅಲರ್ಟ್ ಅಂದ್ರೆ ಶಾಲೆಗೆ ರಜೆ" ಅನ್ನುವಷ್ಟಕ್ಕೆ ನಿಲ್ಲಿಸಬೇಡಿ.

ಹೆಚ್ಚಿನವರು ಮೋಸ ಹೋಗುವುದು ಇನ್ನೊಂದು ಕಡೆ. ಚಂಡಮಾರುತದ ಎಚ್ಚರಿಕೆಗಳು ಅದು ದಡ ಮುಟ್ಟುವ ಜಾಗ ಮತ್ತು ಸಮಯದ ಸುತ್ತ ಇರುತ್ತವೆ. ಸುದ್ದಿಯವರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ಹಾಗಾಗಿ "ಗುಜರಾತಿಗೆ ಅಪ್ಪಳಿಸಲಿದೆ" ಅನ್ನುವ ದೊಡ್ಡ ಅಕ್ಷರದ ನಡುವೆ ನಮ್ಮ ಜಿಲ್ಲೆಯ ಮಳೆ ಎಚ್ಚರಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಚಂಡಮಾರುತದ ದಾರಿ ಒಂದು ಸಲ ನೋಡಿ ಬಿಡಿ. ಆಮೇಲೆ ನೋಡಬೇಕಾದ್ದು ಜಿಲ್ಲಾವಾರು ಮಳೆ ಮುನ್ಸೂಚನೆ. ಹವಾಮಾನ ಇಲಾಖೆಯ ಮೌಸಮ್ ಆ್ಯಪ್, ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಎರಡೂ ಉಚಿತ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ನಿಮ್ಮ ಹೊಳೆಯ ಮೇಲ್ಭಾಗದ ಪಂಚಾಯಿತಿಯಲ್ಲಿ ಎಷ್ಟು ಮಳೆಯಾಗಿದೆ ಅನ್ನುವುದೇ ನಿಮಗೆ ಬೇಕಾದ ಸುದ್ದಿ. ಘಟ್ಟದ ಬುಡದಲ್ಲಿ ಗುರುತಿನವರಿದ್ದರೆ ಒಂದು ಫೋನ್ ಮಾಡಿ.

ಕಣ್ಣಿಗೆ ಕಾಣುವ ಸೂಚನೆಗಳೂ ಇವೆ. ತಿಳಿಯಾಗಿದ್ದ ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಕಸಕಡ್ಡಿ, ಕೊಂಬೆ ತೇಲಿಬರುವುದು, ಮೇಲಿನಿಂದ ಭೋರ್ಗರೆವ ಸದ್ದು ಕೇಳುವುದು. ಜೋರು ಮಳೆಯ ನಡುವೆ ಹೊಳೆ ನೀರು ಫಕ್ಕನೆ ಇಳಿದರೆ ಖುಷಿಪಡಬೇಡಿ. ಮೇಲೆಲ್ಲೋ ಗುಡ್ಡ ಜರಿದು ನೀರು ಕಟ್ಟಿಕೊಂಡಿರಬಹುದು. ಅದು ಒಡೆದರೆ ಒಟ್ಟಿಗೇ ಬರುತ್ತದೆ.

ಅಂಗಡಿಯವರು ಯಾವಾಗ ಏನು ಮಾಡಬೇಕು?

ಎರಡು ದಿನ ಮೊದಲು:
- ಅಂಗಡಿ ಮುಂದಿನ ಚರಂಡಿ, ಹಿಂದಿನ ಮೋರಿ ನೋಡಿ. ಕಟ್ಟಿದ್ದರೆ ಪಂಚಾಯಿತಿಗೋ ಪುರಸಭೆಗೋ ಫೋಟೋ ಸಮೇತ ತಿಳಿಸಿ. ನಾಲ್ಕು ಅಂಗಡಿಯವರು ಸೇರಿದರೆ ಅರ್ಧ ದಿನದ ಕೆಲಸ.
- ಗೋದಾಮಿಗೆ ಹೊಸ ಲೋಡು ಇಳಿಸುವುದನ್ನು ಎರಡು ದಿನ ಮುಂದೂಡಿ. ಸಿಮೆಂಟ್, ಗೊಬ್ಬರ, ಅಕ್ಕಿ, ಸಕ್ಕರೆಗೆ ಇದು ಮುಖ್ಯ.
- ಅಂಗಡಿಯ ಎಲ್ಲ ಮೂಲೆಯ ವೀಡಿಯೊ ತೆಗೆದಿಡಿ. ವಿಮೆಗೆ ಇದು ಬೇಕಾಗುತ್ತದೆ.

ಹಿಂದಿನ ಸಂಜೆ, ಶಟರ್ ಎಳೆಯುವ ಮೊದಲು:
- ಲೆಕ್ಕದ ಪುಸ್ತಕ, ಉದರಿ ಪುಸ್ತಕ, ಲೈಸೆನ್ಸು, ಕಂಪ್ಯೂಟರಿನ ಸಿಪಿಯು ಮನೆಗೆ ತನ್ನಿ. ಹೋದ ಸರಕು ಮತ್ತೆ ತರಬಹುದು, ಯಾರು ಎಷ್ಟು ಕೊಡಬೇಕು ಅನ್ನುವ ಪುಸ್ತಕ ಹೋದರೆ ಹೋಯಿತು.
- ನೀರು ಕುಡಿದರೆ ಪೂರ್ತಿ ಹಾಳಾಗುವ ಸರಕು ಮೇಲಿನ ಅಟ್ಟಕ್ಕೆ: ಔಷಧಿ, ಬಟ್ಟೆ, ಪುಸ್ತಕ, ಮೊಬೈಲು, ಸಕ್ಕರೆ, ಹಿಟ್ಟು. ತೊಳೆದರೆ ಸರಿಹೋಗುವ ಸ್ಟೀಲು, ಪ್ಲಾಸ್ಟಿಕ್ ಸಾಮಾನು ಕೆಳಗಿರಲಿ.
- ಫ್ರಿಜ್, ಫ್ರೀಜರಿನ ಕಂಪ್ರೆಸರ್ ಇರುವುದು ಬುಡದಲ್ಲಿ. ಎರಡು ಕಲ್ಲು ಕೊಟ್ಟು ಎತ್ತರಿಸಿದರೂ ಸಾವಿರಾರು ರೂಪಾಯಿ ಉಳಿಯುತ್ತದೆ.
- ಕ್ರಿಮಿನಾಶಕ, ಆ್ಯಸಿಡ್, ಸೀಮೆಎಣ್ಣೆ ಮೇಲಿಡಿ. ಒಂದು ಡಬ್ಬ ತೇಲಿ ಒಡೆದರೆ ನಿಮ್ಮ ಅಂಗಡಿ ಮಾತ್ರವಲ್ಲ, ಪಕ್ಕದ ಬಾವಿಯೂ ಕೆಡುತ್ತದೆ.
- ಹೋಟೆಲಿನವರು ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಕಟ್ಟಿಡಿ. ಎಲ್ಲರೂ ಮೈನ್ ಸ್ವಿಚ್ ಆಫ್ ಮಾಡಿ ಹೊರಡಿ.

ರಾತ್ರಿ ನೀರು ಏರುವಾಗ ಮಾಡಬೇಕಾದ್ದು ಒಂದೇ: ಅಂಗಡಿಗೆ ಹೋಗಬೇಡಿ. ಅರ್ಧ ರಾತ್ರಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಶಟರ್ ಎತ್ತಲು ಹೋದವರಿಗೆ ಮೂರು ಅಪಾಯ: ಕಾಣದ ಚರಂಡಿ ಗುಂಡಿ, ನೀರಿಗೆ ಬಿದ್ದ ವಿದ್ಯುತ್ ತಂತಿ, ಒಳಗೆ ಹೋದ ಮೇಲೆ ಹೊರಗೆ ಏರುವ ನೀರು. ಸಂಜೆ ಒಂದು ಗಂಟೆ ಕೊಟ್ಟರೆ ರಾತ್ರಿ ಜೀವ ಪಣಕ್ಕಿಡಬೇಕಿಲ್ಲ.

ವಿಮೆ ಇದೆಯಾ, ಒಂದು ಸಲ ಓದಿ ನೋಡಿ

ಸರಕಾರದ ಪ್ರಕೃತಿ ವಿಕೋಪ ಪರಿಹಾರ ಮುಖ್ಯವಾಗಿ ಜೀವಹಾನಿ, ಮನೆ, ಬೆಳೆ, ಜಾನುವಾರು ನಷ್ಟಕ್ಕೆ. ಅಂಗಡಿಯ ಸರಕಿಗೆ ನಂಬಬೇಕಾದ್ದು ವಿಮೆಯನ್ನೇ. ಒಟ್ಟು ಮೌಲ್ಯ 5 ಕೋಟಿ ರೂ. ಒಳಗಿನ ವ್ಯವಹಾರಕ್ಕೆ 2021ರ ಏಪ್ರಿಲ್‌ನಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಬೆಂಕಿಯ ಜೊತೆ ಚಂಡಮಾರುತ, ನೆರೆಯೂ ಇದರಲ್ಲಿ ಬರುತ್ತದೆ.

ನೋಡಬೇಕಾದ್ದು ಮೂರು. ಒಂದು, ಕಟ್ಟಡದ ಮಾಲೀಕರ ವಿಮೆ ಬಾಡಿಗೆದಾರರ ಸರಕಿಗೆ ಅನ್ವಯಿಸುವುದಿಲ್ಲ. ನಿಮ್ಮ ಸರಕಿಗೆ ನೀವೇ ಮಾಡಿಸಬೇಕು. ಎರಡು, 20 ಲಕ್ಷದ ಸರಕಿಟ್ಟು 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದರೆ ನಷ್ಟದ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿಮೆ ಆಗಬಹುದು. ಮೂರು, ಬ್ಯಾಂಕಿನವರು ಸಾಲ ಕೊಡುವಾಗ ಮಾಡಿಸಿದ ವಿಮೆ ಈಗಲೂ ಚಾಲ್ತಿಯಲ್ಲಿದೆಯಾ ಕೇಳಿ. ಚಂಡಮಾರುತದ ಸುದ್ದಿ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ.

ವಾಹನಕ್ಕೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನೆರೆಯ ನಷ್ಟಕ್ಕೆ ಏನೂ ಸಿಗುವುದಿಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ, ನೀರು ಹೊಕ್ಕ ಬಂಡಿಯನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಹೋದರೆ ಕ್ಲೇಮು ಸಿಗುವುದು ಕಷ್ಟ. ಸ್ಟಾರ್ಟ್ ಮಾಡದೆ ಟೋಯಿಂಗ್ ಮಾಡಿಸಿ.

ನೀರು ದಾಟುವ ಮೊದಲು

ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ತಪ್ಪಿಸಬಹುದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಬಹುದು. ಎರಡು ಅಡಿ ಹರಿಯುವ ನೀರಿಗೆ ಹೆಚ್ಚಿನ ವಾಹನಗಳು ನಿಲ್ಲವು. ಮೇಲಿನಿಂದ ನೋಡಿದರೆ ನೀರಿನ ಅಡಿಯಲ್ಲಿ ರಸ್ತೆ ಇದೆಯಾ, ಕೊಚ್ಚಿಹೋಗಿದೆಯಾ ಗೊತ್ತಾಗುವುದಿಲ್ಲ.

ಕಾಲುಸಂಕದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಆವತ್ತು ಚಂಡಮಾರುತ ಇರಲಿಲ್ಲ, ಮಾಮೂಲಿ ಮಳೆಗಾಲ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಇದ್ದ ದಿನ ಶಾಲೆಗೆ ರಜೆ ಇಲ್ಲದಿದ್ದರೂ, ಸಂಕ ದಾಟಬೇಕಾದ ಮಕ್ಕಳನ್ನು ಕಳಿಸುವ ಬಗ್ಗೆ ಯೋಚಿಸಿ. ಅಂಗಡಿಯವರಲ್ಲಿ ಒಂದು ವಿನಂತಿ: ಮಳೆಯಲ್ಲಿ ಸಿಕ್ಕಿಕೊಂಡ ಮಕ್ಕಳು ಕಂಡರೆ ಮನೆಯವರು ಬರುವ ತನಕ ನಿಮ್ಮಲ್ಲೇ ಕೂರಿಸಿಕೊಳ್ಳಿ.

ನೀರು ಇಳಿದ ಮೇಲೆ

- ಮೊದಲು ಫೋಟೋ, ವೀಡಿಯೊ, ಆಮೇಲೆ ಸ್ವಚ್ಛತೆ. ನೀರು ಎಲ್ಲಿಯ ತನಕ ಏರಿತ್ತು ಅಂತ ಗೋಡೆಯ ಗುರುತು ಸಮೇತ ತೆಗೆಯಿರಿ.
- ವಿಮಾ ಕಂಪನಿಗೆ ಅದೇ ದಿನ ತಿಳಿಸಿ. ಸರ್ವೇಯರ್ ಬರುವ ತನಕ ಹಾಳಾದ ಸರಕು ಎಸೆಯಬೇಡಿ. ಜಿಎಸ್‌ಟಿ ಇರುವವರು ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ವಾಪಸ್ ತೋರಿಸಬೇಕಾಗುತ್ತದೆ, ನಿಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿ.
- ಮನೆ, ತೋಟದ ಹಾನಿಯನ್ನು ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.
- ಸ್ವಿಚ್ ಬೋರ್ಡ್, ಮೋಟರ್ ಒದ್ದೆಯಾಗಿದ್ದರೆ ಇಲೆಕ್ಟ್ರಿಷಿಯನ್ ನೋಡುವ ತನಕ ಕರೆಂಟು ಹಾಕಬೇಡಿ.
- ನೆರೆ ನೀರು ಹೊಕ್ಕ ಬಾವಿಯ ನೀರು ಕುಡಿಯಬೇಡಿ. ಬಾವಿ ಖಾಲಿ ಮಾಡಿ, ಆಶಾ ಕಾರ್ಯಕರ್ತೆಯರನ್ನು ಕೇಳಿ ಬ್ಲೀಚಿಂಗ್ ಪುಡಿ ಹಾಕಿಸಿ. ಆಮೇಲೂ ಕುದಿಸಿಯೇ ಕುಡಿಯಿರಿ.
- ಕೆಸರು ಎತ್ತುವಾಗ ಬೂಟು, ಗ್ಲೌಸು ಹಾಕಿ. ಕಾಲಿನ ಗಾಯದಿಂದ ಇಲಿಜ್ವರ ಬರುತ್ತದೆ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಅಂಗಡಿ ತೊಳೆದ ವಿಷಯವನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಗೋಡೆಗೆ ಅಂಟಿಸಿಡಬೇಕಾದ ನಂಬರ್‌ಗಳು

- ತುರ್ತು ಸಹಾಯ (ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್): 112
- ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077
- ವಿದ್ಯುತ್ ತಂತಿ ಬಿದ್ದರೆ, ಮೆಸ್ಕಾಂ: 1912

ಇದರ ಕೆಳಗೆ ಇನ್ನೊಂದು ನಂಬರ್ ನೀವೇ ಬರೆಯಿರಿ: ನಿಮ್ಮ ಹೊಳೆಯ ಮೇಲ್ಭಾಗದ ಊರಿನಲ್ಲಿರುವ ಯಾರಾದರೊಬ್ಬ ನೆಂಟರದ್ದೋ ಗಿರಾಕಿಯದ್ದೋ. ಚಂಡಮಾರುತ ಎಲ್ಲಿದೆ ಅಂತ ಟಿ.ವಿ. ಹೇಳುತ್ತದೆ. ನೀರು ಎಲ್ಲಿಗೆ ಬಂತು ಅಂತ ಹೇಳುವವರು ಅವರೇ.